ಮನಸ್ಸಿನ ಸೆರೆಯೂ ಅದರೊಳಗಿಂದ ಬಂದ ಗೀತೆಯೂ

ಯಾಕೋಬನು ತನ್ನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಬಾಧೆಯಲ್ಲಿರುವವರಿಗೆ ಪ್ರಾರ್ಥನೆಯನ್ನೂ ಸಂತೋಷದಲ್ಲಿರುವವರಿಗೆ ಹಾಡನ್ನೂ ನೇಮಿಸಿರುವದನ್ನು ನಾವೆಲ್ಲರೂ ಬಲ್ಲೆವು. ಇದನ್ನು ಓದಿದ ಕೆಲವರು, ಹಾಡೆಂಬದು ಸಂತೋಷದ ಸ್ವತ್ತು. ದುಃಖದಲ್ಲಿರುವವನು ತನ್ನ ದುಃಖವನ್ನೇ ಪದವಾಗಿ ಕಟ್ಟಿ ಹಾಡುವದು ವಿಶ್ವಾಸಿಗೆ ತಕ್ಕದ್ದಲ್ಲ. ಅದು ಅರಣ್ಯದಲ್ಲಿ ಇಸ್ರಾಯೇಲ್ಯರು ಮಾಡಿದ ಗುಣುಗುಟ್ಟುವಿಕೆಯೇ ಸರಿ ಎಂದು ಹೇಳುತ್ತಾರೆ. ಹೀಗೆ ಹೇಳುವವರು ಭಕ್ತಿಯುಳ್ಳವರು. ಅವರ ಮಾತನ್ನು ತಾತ್ಸಾರಮಾಡಲಾಗದು. ಆದರೂ ಈ ಮಾತು ಸತ್ಯವೋ ಎಂಬದನ್ನು ವಿಚಾರಿಸುವದು ಅಗತ್ಯ, ಯಾಕಂದರೆ ನಮ್ಮ ಸಭೆಗಳಲ್ಲಿ ಇಂಥ ಮಾತಿಗೆ ಹೆದರಿ ಬಾಯಿ ಮುಚ್ಚಿಕೊಂಡವರು ಉಂಟು; ಬಾಯಿ ಮುಚ್ಚಿದ ಮೇಲೆ ಕೆಲವರ ಮನಸ್ಸೂ ಮುಚ್ಚಿಹೋಗುವದುಂಟು.

ನಾನು ಹೇಳುವದು ಸಾಧಾರಣವಾದ ದುಃಖವನ್ನು ಕುರಿತಲ್ಲ. ಮನೆಯಲ್ಲಿ ಮರಣವಾದರೆ ಅಳುತ್ತೇವೆ, ನೆರೆಯವರು ಬಂದು ಕೂಡುತ್ತಾರೆ, ಯಾರೋ ಗಂಜಿ ತಂದಿಡುತ್ತಾರೆ, ದಿನಗಳು ಕಳೆದಂತೆ ದುಃಖವು ಹದಕ್ಕೆ ಬರುತ್ತದೆ. ಮನಸ್ಸಿನ ಸೆರೆಯೆಂಬದು ಬೇರೆ. ಅದರಲ್ಲಿ ಬಿದ್ದವನು ಗದ್ದೆಗೆ ಹೋಗುತ್ತಾನೆ, ಸಂತೆಗೆ ಹೋಗುತ್ತಾನೆ, ಭಾನುವಾರ ಬಂದು ಗುಡಿಯ ಹಿಂದಿನ ಸಾಲಿನಲ್ಲಿ ಕೂತುಕೊಳ್ಳುತ್ತಾನೆ. ಆದರೆ ಅವನಿಗೂ ನಮಗೂ ನಡುವೆ ಒಂದು ಗೋಡೆ ನಿಂತಿರುತ್ತದೆ. ನಾವು ಹೇಳುವ ಆದರಣೆಯ ಮಾತು ಆ ಗೋಡೆಯ ಆಚೆಗೆ ಕೇಳಿಸುವದಿಲ್ಲ. ಅವನ ಕೂಗು ಈಚೆಗೆ ಬರುವದಿಲ್ಲ. ಹೀಗಿರುವವನನ್ನು ಹಳ್ಳಿಯವರು ಗಾಳಿ ಹಿಡಿದವನೆನ್ನುತ್ತಾರೆ. ಸಭೆಯವರು ವಿಶ್ವಾಸದಲ್ಲಿ ತಣ್ಣಗಾದವನೆನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವದು ಹೆಚ್ಚು ನೋಯಿಸುವದೋ ನಾನು ಹೇಳಲಾರೆನು.

ದುಃಖಕ್ಕೆ ಒಂದು ಬಾಯಿ ಬೇಕೆಂಬದನ್ನು ನಮ್ಮ ನಾಡಿನ ಹೆಣ್ಣುಮಕ್ಕಳು ಯಾವ ಪಾಠಶಾಲೆಗೂ ಹೋಗದೆ ಬಲ್ಲವರಾಗಿದ್ದರು. ಗಿರಣಿಗಳು ಬರುವದಕ್ಕೆ ಮುಂಚೆ, ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂತ ಸೊಸೆಯು ತವರನ್ನು ನೆನಸಿ, ಅತ್ತೆಗೆ ಹೇಳಲಾಗದ್ದನ್ನೂ ಗಂಡನಿಗೆ ತಿಳಿಸಲಾಗದ್ದನ್ನೂ ಆ ಕಲ್ಲಿಗೆ ಹಾಡಿ ಹೇಳುತ್ತಿದ್ದಳು. ಕಲ್ಲು ಉತ್ತರ ಕೊಡಲಿಲ್ಲ. ಆದರೆ ಗೋಡೆಯ ಆಚೆ ಬೀಸುತ್ತಿದ್ದ ಮತ್ತೊಬ್ಬಳು ಆ ಹಾಡನ್ನು ಕೇಳಿ ಇದು ನನ್ನ ಹಾಡೂ ಹೌದೆಂದು ಅರಿತುಕೊಂಡಳು. ಅವಳ ಬಾಯಿಂದ ಅದು ಮೂರನೆಯವಳಿಗೆ ಹೋಯಿತು. ಆ ಪದಗಳೊಳಗೆ ನಾವು ಬಿಟ್ಟುಬಂದ ದೇವತೆಗಳ ಹೆಸರುಗಳು ಬೆರೆತಿದ್ದವು. ಆದಕಾರಣ ಕ್ರೈಸ್ತರಾದ ಮನೆಗಳಲ್ಲಿ ಅವುಗಳನ್ನು ಬಿಟ್ಟವರುಂಟು. ಅದು ತಪ್ಪೆಂದು ನಾನು ಹೇಳುವದಿಲ್ಲ. ಆದರೆ ಆ ಹೆಸರುಗಳ ಸಂಗಡ ಆ ಬಾಯನ್ನೂ ಬಿಡಬೇಕಾಗಿತ್ತೋ?

ಸತ್ಯವೇದವು ಈ ವಿಷಯದಲ್ಲಿ ಏನು ತೋರಿಸುತ್ತದೆ? ಮೊದಲು ಸೌಲನನ್ನು ನೋಡೋಣ. 1 ಸಮುವೇಲನು 16ನೇ ಅಧ್ಯಾಯದಲ್ಲಿ ಅರಸನಾದ ಸೌಲನ ಮನಸ್ಸು ಕತ್ತಲೆಯಿಂದ ಮುಚ್ಚಿಕೊಂಡಾಗ ದಾವೀದನೆಂಬ ಕುರಿಕಾಯುವ ಹುಡುಗನನ್ನು ಕರತಂದರು. ಅವನು ಕಿನ್ನರಿಯನ್ನು ಬಾರಿಸಿದಾಗೆಲ್ಲಾ ಅರಸನಿಗೆ ಉಪಶಮನವಾಯಿತು. ವಾದ್ಯಕ್ಕೆ ಬಲವುಂಟೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಮುಂದೆ ಓದಿರಿ. 18ನೇ ಅಧ್ಯಾಯದಲ್ಲಿ ಅದೇ ಕಿನ್ನರಿ, ಅದೇ ಕೈ, ಅದೇ ಅರಮನೆ. ಆದರೆ ಸೌಲನ ಕೈಯಲ್ಲಿ ಈಟಿ. ಉಪಶಮನವೆಂಬದು ಬಿಡುಗಡೆಯಲ್ಲ. ಇನ್ನೊಂದನ್ನೂ ಗಮನಿಸಿರಿ: ಸೌಲನು ಮತ್ತೊಬ್ಬನ ವಾದ್ಯವನ್ನು ಕೇಳಿದನು, ತಾನು ಬಾಯಿ ತೆರೆದು ತನ್ನ ಕತ್ತಲೆಯನ್ನು ದೇವರ ಮುಂದೆ ಹಾಡಿದನೆಂದು ಎಲ್ಲಿಯೂ ಬರೆದಿಲ್ಲ. ಅವನ ಹಗೆಯಿಂದ ತಪ್ಪಿಸಿಕೊಂಡು ಗವಿ ಸೇರಿದ ದಾವೀದನೋ ಹಾಡಿದನು. 142ನೇ ಕೀರ್ತನೆಯ ಮೇಲ್ಬರಹವು ಅದು ಗವಿಯಲ್ಲಿ ಮಾಡಿದ ಪ್ರಾರ್ಥನೆಯೆಂದು ತಿಳಿಸುತ್ತದೆ. ತನ್ನನ್ನು ವಿಚಾರಿಸುವವರು ಒಬ್ಬರೂ ಇಲ್ಲವೆಂದು ಅದರಲ್ಲಿ ಮೊರೆಯಿಟ್ಟು, ತನ್ನ ಪ್ರಾಣವನ್ನು ಸೆರೆಯಿಂದ ತೆಗೆಯಬೇಕೆಂದು ಬೇಡುತ್ತಾನೆ. ಒಬ್ಬನು ಅರಮನೆಯಲ್ಲಿ ಸೆರೆಯಾಗಿದ್ದನು. ಮತ್ತೊಬ್ಬನು ಗವಿಯೊಳಗಿಂದ ಕೂಗಿದನು.

ಇನ್ನು 88ನೇ ಕೀರ್ತನೆ. ಇದನ್ನು ನಮ್ಮ ಆರಾಧನೆಗಳಲ್ಲಿ ಓದುವದು ಅಪರೂಪ. ಬೇರೆ ಶೋಕದ ಕೀರ್ತನೆಗಳಲ್ಲಿ ಹೆಚ್ಚಿನವು ಅಳುವಿನಿಂದ ಆರಂಭವಾಗಿ ಕಡೆಯಲ್ಲಿ ಸ್ತೋತ್ರಕ್ಕೆ ಬರುತ್ತವೆ. ಇದು ಹಾಗೆ ಬರುವದಿಲ್ಲ. ಸ್ನೇಹಿತರೆಲ್ಲ ದೂರವಾದರು, ಉಳಿದದ್ದು ಕತ್ತಲೆಯೇ ಎಂಬಲ್ಲಿ ಅದು ನಿಂತುಬಿಡುತ್ತದೆ. ಎಜ್ರಾಹ್ಯನಾದ ಹೇಮಾನನ ಹೆಸರು ಅದರ ಮೇಲಿದೆ. ಪುಸ್ತಕವನ್ನು ಕೂಡಿಸಿದ ಭಕ್ತರು ಕಡೆಗೆ ಆದರಣೆಯ ಎರಡು ವಾಕ್ಯಗಳನ್ನು ಸೇರಿಸಬಾರದಾಗಿತ್ತೇ ಎಂದು ನಮಗೆ ತೋರಬಹುದು. ಅವರು ಸೇರಿಸಲಿಲ್ಲ. ದೇವಾತ್ಮನು ಆ ಹಾಡನ್ನು ಇದ್ದ ಹಾಗೆಯೇ ಸಭೆಯ ಬಾಯಲ್ಲಿ ಇಟ್ಟನು. ಇಲ್ಲಿ ಗುಣುಗುಟ್ಟುವಿಕೆಗೂ ಶೋಕಗೀತೆಗೂ ಇರುವ ಭೇದ ತಿಳಿಯುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರು ತಮ್ಮ ಗುಡಾರಗಳಲ್ಲಿ ಕೂತು ದೇವರನ್ನು ಕುರಿತು ಆಡಿಕೊಂಡರು. ಹೇಮಾನನು ದೇವರಿಗೇ ಹೇಳಿದನು. ಕತ್ತಲೆಯಲ್ಲಿಯೂ ಅವನ ಮುಖ ತಿರುಗಿದ್ದು ಆತನ ಕಡೆಗೇ.

ಈ ವಿಚಾರವು ಒಬ್ಬ ಮನುಷ್ಯನ ಜೀವಮಾನದಲ್ಲಿ ಹೇಗೆ ನಡೆಯಿತೆಂಬದನ್ನು ತೋರಿಸುವದಕ್ಕೆ ಇಂಗ್ಲೆಂಡಿನ ಕವಿಯಾದ ವಿಲ್ಯಂ ಕೂಪರನ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಆತನು 1731ರಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದನು. ಆರು ವರುಷದವನಾಗಿದ್ದಾಗ ತಾಯಿ ತೀರಿಹೋದಳು. ಬೇಗನೆ ಆತನನ್ನು ದೂರದ ಶಾಲೆಗೆ ಕಳುಹಿಸಿದರು. ಅಲ್ಲಿ ದೊಡ್ಡ ಹುಡುಗನೊಬ್ಬನು ಆತನನ್ನು ಬಹಳವಾಗಿ ಪೀಡಿಸಿದನು. ಮುಂದೆ ನ್ಯಾಯಶಾಸ್ತ್ರವನ್ನು ಕಲಿತನು. 1763ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಒಂದು ಉದ್ಯೋಗವು ದೊರೆಯುವದರಲ್ಲಿತ್ತು. ಅದಕ್ಕಾಗಿ ಆ ಸಭೆಯ ಮುಂದೆ ನಿಂತು ಪರೀಕ್ಷೆ ಕೊಡಬೇಕಾಯಿತು. ಆ ಭಯದಲ್ಲಿ ಆತನ ಮನಸ್ಸು ಮುರಿದುಹೋಗಿ, ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಲು ಪ್ರಯತ್ನಿಸುವಷ್ಟರ ಮಟ್ಟಿಗೆ ಹೋಯಿತು. ಆಗ ಬಂಧುಗಳು ಆತನನ್ನು ಸೇಂಟ್ ಆಲ್ಬನ್ಸ್ ಎಂಬ ಊರಲ್ಲಿ ನೆಥಾನಿಯೇಲ್ ಕಾಟನ್ ಎಂಬ ವೈದ್ಯನ ಮನೆಯಲ್ಲಿ ಇಟ್ಟರು. ಈ ವೈದ್ಯನು ದಯೆಯುಳ್ಳವನೂ ತಾನೇ ಪದ್ಯ ಬರೆಯುವವನೂ ಆಗಿದ್ದನು. ಅಲ್ಲಿ ಕೂಪರನು ಚೇತರಿಸಿಕೊಂಡನು. ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯವನ್ನು ಓದುವಾಗ ಕ್ರಿಸ್ತನ ಪ್ರಾಯಶ್ಚಿತ್ತವು ತನಗೂ ಸಲ್ಲುವದೆಂಬ ನಂಬಿಕೆ ಆತನಲ್ಲಿ ಹುಟ್ಟಿತು.

1767ರಲ್ಲಿ ಆತನು ಮೇರಿ ಅನ್ವಿನ್ ಎಂಬ ವಿಧವೆಯ ಕುಟುಂಬದೊಂದಿಗೆ ಓಲ್ನಿ ಎಂಬ ಊರಿಗೆ ಬಂದನು. ಅದು ಕೈಯಿಂದ ಲೇಸು ಹೆಣೆದು ಬದುಕುವ ಬಡವರ ಊರು. ಅಲ್ಲಿನ ಪಾದ್ರಿ ಜಾನ್ ನ್ಯೂಟನ್. ಇವನು ಮೊದಲು ಆಫ್ರಿಕದ ಜನರನ್ನು ಸೆರೆಹಿಡಿದು ಸಾಗಿಸುವ ಹಡಗಿನ ಕಪ್ತಾನನಾಗಿದ್ದು, ದೇವರ ಕೃಪೆಯಿಂದ ತಿರುಗಿಕೊಂಡವನು. ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಎಂಬ ಗೀತೆಯನ್ನು ಬರೆದವನು. ಈ ಇಬ್ಬರೂ ಕೂಡಿ ಆ ಬಡ ಸಭೆಯ ಪ್ರಾರ್ಥನಾಕೂಟಗಳಿಗಾಗಿ ಗೀತೆಗಳನ್ನು ಕಟ್ಟಿದರು. 1779ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ 348 ಗೀತೆಗಳಿವೆ. ಅವುಗಳಲ್ಲಿ 60ಕ್ಕೂ ಹೆಚ್ಚು ಕೂಪರನವು.

ಆದರೆ ಪುಸ್ತಕವು ಅಚ್ಚಾಗುವದಕ್ಕೆ ಆರು ವರುಷ ಮುಂಚೆಯೇ, 1773ರ ಆರಂಭದಲ್ಲಿ, ಕತ್ತಲೆಯು ತಿರಿಗಿ ಬಂದಿತು. ಆತನು ಕಂಡ ಒಂದು ಸ್ವಪ್ನದಲ್ಲಿ ದೇವರು ತನ್ನನ್ನು ಎಂದೆಂದಿಗೂ ತಳ್ಳಿಬಿಟ್ಟನೆಂಬ ತೀರ್ಪು ತನಗೆ ಕೇಳಿಸಿತೆಂದು ಆತನು ನಂಬಿದನು. ಲೋಕದಲ್ಲಿರುವವರಿಗೆಲ್ಲ ಕೃಪೆಯುಂಟು, ನನಗೊಬ್ಬನಿಗೆ ಇಲ್ಲ ಎಂಬ ಈ ಎಣಿಕೆಯು ಸಾಯುವ ವರೆಗೆ ಆತನನ್ನು ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ಸಭಾರಾಧನೆಗೆ ಸೇರುವದನ್ನು ಬಿಟ್ಟನು. ತಾನು ಬರೆದ ಗೀತೆಗಳನ್ನು ದೇವಾಲಯದಲ್ಲಿ ಲೇಸು ಹೆಣೆಯುವವರು ಹಾಡುತ್ತಿದ್ದಾಗ, ಬರೆದವನು ಅದೇ ಊರಿನ ಮನೆಯೊಳಗೆ ಕೂತಿದ್ದನು! ಇದಕ್ಕಿಂತ ಗಟ್ಟಿಯಾದ ಸೆರೆಮನೆಯನ್ನು ಯಾವ ಅರಸನು ಕಟ್ಟಬಲ್ಲನು?

ನ್ಯೂಟನನ ಕಠಿಣವಾದ ಬೋಧನೆಯೇ ಕೂಪರನ ಬುದ್ಧಿಯನ್ನು ಕೆಡಿಸಿತೆಂದು ಬರೆದವರುಂಟು. ಕಾಲವನ್ನು ನೋಡಿದರೆ ಈ ಅಪವಾದವು ನಿಲ್ಲುವದಿಲ್ಲ. ನ್ಯೂಟನನ ಪರಿಚಯವಾಗುವದಕ್ಕೆ ನಾಲ್ಕು ವರುಷ ಮುಂಚೆ, 1763ರಲ್ಲಿಯೇ, ಆತನು ಅಷ್ಟು ಘೋರವಾಗಿ ಬಿದ್ದಿದ್ದನು. ನ್ಯೂಟನನು ಮಾಡಿದ್ದಾದರೂ ಏನು? 1773ರ ಏಪ್ರಿಲಿನಿಂದ ಮರುವರುಷದ ಮೇ ತಿಂಗಳ ವರೆಗೆ, ಒಂದು ವರುಷಕ್ಕೂ ಹೆಚ್ಚು ಕಾಲ, ಆ ರೋಗಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡನು. ಮನಸ್ಸಿನ ರೋಗದಲ್ಲಿರುವವರನ್ನು ಮನೆಯಲ್ಲಿಟ್ಟು ನೋಡಿಕೊಂಡವರು ಆ ಒಂದು ವರುಷದ ಅರ್ಥವನ್ನು ಬಲ್ಲರು. ಪ್ರಸಂಗವನ್ನು ನಾವು ಅರ್ಧ ಗಳಿಗೆಯಲ್ಲಿ ಮಾಡಿಬಿಡಬಹುದು.

ಆ ಮೇಲೆ ಆತನು ಮೆಲ್ಲಮೆಲ್ಲನೆ ಕೈಕೆಲಸಕ್ಕೆ ಇಳಿದನು. 1774ರಲ್ಲಿ ಯಾರೋ ಒಂದು ಮೊಲದ ಮರಿಯನ್ನು ತಂದುಕೊಟ್ಟರು. ಹಾಗೆ ಮೂರು ಮರಿಗಳಾದವು. ಅವುಗಳಿಗೆ ತಾನೇ ಮರದ ಗೂಡುಗಳನ್ನು ಮಾಡಿದನು, ತೋಟದಲ್ಲಿ ಬಿಟ್ಟು ಮೇಯಿಸಿದನು, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಭಾವವಿದೆಯೆಂದು ಕಂಡುಕೊಂಡನು. ಪಸ್ ಎಂಬ ಮೊಲವು ಹೆಚ್ಚು ಕಡಿಮೆ ಹನ್ನೆರಡು ವರುಷ ಬದುಕಿತು. ಮನುಷ್ಯರ ಮಾತು ಮುಟ್ಟಲಾರದ ಆ ಮನಸ್ಸನ್ನು, ಹೆದರುವ ಪ್ರಾಣಿಗಳಲ್ಲಿ ಎಲ್ಲವದಕ್ಕಿಂತ ಹೆಚ್ಚು ಹೆದರುವ ಈ ಪ್ರಾಣಿಯು ಮುಟ್ಟಿತು. ಎಲೀಯನು ಅರಣ್ಯದ ಗಿಡದ ಕೆಳಗೆ ಮಲಗಿ ಮರಣವನ್ನು ಬೇಡಿಕೊಂಡಾಗ ದೂತನು ಮೊದಲು ರೊಟ್ಟಿಯನ್ನೂ ನೀರನ್ನೂ ಇಟ್ಟನಷ್ಟೆ. ದೇವರು ಆತನೊಡನೆ ಮಾತಾಡಿದ್ದು ಬಹಳ ದಿವಸಗಳ ತರುವಾಯ.

ಮೊಲಗಳ ತರುವಾಯ ತೋಟ, ತೋಟದ ತರುವಾಯ ಪದ್ಯ. 1782ರಲ್ಲಿ ನೆರೆಮನೆಯ ಒಬ್ಬ ಸ್ತ್ರೀಯು ಹೇಳಿದ ನಗೆಯ ಕಥೆಯನ್ನು ಕೇಳಿ ಆತನು ಜಾನ್ ಗಿಲ್ಪಿನ್ ಎಂಬ ಬಟ್ಟೆ ವ್ಯಾಪಾರಿಯ ಕುದುರೆ ಸವಾರಿಯ ಪದವನ್ನು ಬರೆದನು, ಇಂಗ್ಲೆಂಡೆಲ್ಲ ನಕ್ಕಿತು. ತನಗೆ ರಕ್ಷಣೆಯಿಲ್ಲವೆಂದು ನಂಬಿದವನು ಮಕ್ಕಳನ್ನು ನಗಿಸಿದನೆಂಬದು ಆಶ್ಚರ್ಯವಲ್ಲವೇ? 1785ರಲ್ಲಿ ದೊಡ್ಡ ಕಾವ್ಯವೊಂದು ಹೊರಬಂದಿತು. ಅದರಲ್ಲಿ ಹೊಲ, ಹಿಮ, ಬಂಡಿ ಹೊಡೆಯುವವನು, ಬಡವನ ಒಲೆ ಮುಂತಾದವುಗಳನ್ನು ಆ ಕಾಲದ ಕವಿಗಳು ಕಾಣದಷ್ಟು ಹತ್ತಿರದಿಂದ ಕಂಡು ಬರೆದನು. 1788ರಲ್ಲಿ ಆಫ್ರಿಕದವರನ್ನು ದಾಸರನ್ನಾಗಿ ಮಾರುವ ವ್ಯಾಪಾರಕ್ಕೆ ವಿರೋಧವಾಗಿ ಪದಗಳನ್ನು ಕಟ್ಟಿದನು. ಅದೇ ವರುಷ ನ್ಯೂಟನನೂ ತಾನು ಆ ವ್ಯಾಪಾರದಲ್ಲಿ ಕಣ್ಣಾರೆ ಕಂಡದ್ದನ್ನು ಅಚ್ಚುಹಾಕಿಸಿದನು. ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ತನ್ನ ಬೇಡಿಯನ್ನು ಕಳಚಲಾರದವನ ಹಾಡು ಬೇರೆಯವರ ಬೇಡಿ ಕಳಚುವ ಕೆಲಸಕ್ಕೆ ನೆರವಾಯಿತು.

1790ರಲ್ಲಿ ನಡೆದ ಒಂದು ಸಂಗತಿಯನ್ನು ಬಿಡಲಾರೆನು. ಒಬ್ಬ ಬಂಧುವು ಆತನ ತಾಯಿಯ ಚಿತ್ರಪಟವನ್ನು ಕಳುಹಿಸಿಕೊಟ್ಟಳು. ತಾಯಿ ಸತ್ತು 52 ವರುಷಗಳಾಗಿದ್ದವು. ಮಗನಿಗೆ ತಲೆ ನರೆತಿತ್ತು. ಆ ಪಟವನ್ನು ಕಂಡು ಆತನು ಬರೆದ ಪದ್ಯದಲ್ಲಿ, ಆರು ವರುಷದ ಹುಡುಗನು ಅಳಬೇಕಾಗಿದ್ದ ಅಳುವು ಅರುವತ್ತರ ಹತ್ತಿರ ಬಂದವನ ಬಾಯಿಂದ ಹೊರಟಿತು. ಯಾವ ಚಿತ್ರಕಾರನೋ ಕೂಲಿಗೆ ಬರೆದ ಪಟವು ಅರ್ಧ ಶತಮಾನದ ಅಗಳಿಯನ್ನು ಒಂದು ಹೊತ್ತು ಸರಿಸಿತು. ಚಿತ್ರವೂ ಹಾಡೂ ಬರೀ ವಿನೋದಕ್ಕೆಂದು ತಿಳಿಯುವವರು ಇದನ್ನು ಯೋಚಿಸಲಿ.

ಹಾಗಾದರೆ ಕಲೆಯು ಆತನನ್ನು ಬಿಡಿಸಿತೋ? ಇಲ್ಲವೆಂದೇ ಹೇಳಬೇಕು. ತನ್ನನ್ನು ಮೂವತ್ತು ವರುಷ ಸಾಕಿದ ಮೇರಿ ಅನ್ವಿನ್ ಪಾರ್ಶ್ವವಾಯುವಿನಿಂದ ಬಿದ್ದು 1796ರಲ್ಲಿ ಸತ್ತ ಮೇಲೆ ಕತ್ತಲೆ ದಟ್ಟವಾಯಿತು. 1799ರಲ್ಲಿ ಆತನು ಕಡೆಯ ಪದ್ಯವನ್ನು ಬರೆದನು. ಬಿರುಗಾಳಿಯಲ್ಲಿ ಹಡಗಿನಿಂದ ಸಮುದ್ರಕ್ಕೆ ಬಿದ್ದ ನಾವಿಕನು ಈಜುತ್ತಿರುವಾಗಲೇ ಹಡಗು ಅವನನ್ನು ಬಿಟ್ಟು ಹೋಗಬೇಕಾಯಿತೆಂಬ ಸಂಗತಿಯನ್ನು ಆತನು ಒಂದು ಪ್ರಯಾಣದ ಪುಸ್ತಕದಲ್ಲಿ ಓದಿದ್ದನು. ಅದನ್ನೇ ಪದ್ಯವಾಗಿ ಮಾಡಿ, ಆ ನಾವಿಕನಿಗಿಂತಲೂ ತಾನು ಹೆಚ್ಚು ಆಳದಲ್ಲಿ ಮುಳುಗಿರುವೆನೆಂದು ಮುಗಿಸಿದನು. 88ನೇ ಕೀರ್ತನೆಯ ಹಾಗೆಯೇ ಅಲ್ಲಿಯೂ ಬೆಳಕು ಬರುವದಿಲ್ಲ. 1800ನೇ ಏಪ್ರಿಲ್ 25ರಲ್ಲಿ ಕೂಪರನು ತೀರಿಹೋದನು.

ಆದದರಿಂದ ಹಾಡು ಕಟ್ಟಿದರೆ ದುಃಖ ಹೋಗುವದೆಂದು ನಾನು ಯಾರಿಗೂ ಆಣೆಮಾಡಿ ಹೇಳಲಾರೆನು. ಕಲೆಯು ಬೀಗದ ಕೈಯಲ್ಲ. ಅದು ಗೋಡೆಯಲ್ಲಿ ಕೊರೆದ ಕಿಂಡಿ. ಕಿಂಡಿಯಿಂದ ಮನುಷ್ಯನು ಹೊರಗೆ ಬರಲಾರನು, ಆದರೆ ಅವನು ಒಳಗೆ ಜೀವದಿಂದಿದ್ದಾನೆಂಬದು ಹೊರಗಿನವರಿಗೆ ತಿಳಿಯುತ್ತದೆ. ಪಕ್ಕದ ಕೋಣೆಯ ಸೆರೆಯವನಿಗೂ ತಿಳಿಯುತ್ತದೆ. ತಾನೊಬ್ಬನೇ ಹೊರಗೆ ಹಾಕಲ್ಪಟ್ಟೆನೆಂದು ತಿಳಿದ ಎಷ್ಟೋ ಮಂದಿ ಕೂಪರನ ಗೀತೆಗಳಲ್ಲಿ ತಮ್ಮ ಜೊತೆಗಾರನನ್ನು ಕಂಡುಕೊಂಡರು.

ಇನ್ನೊಂದು ಚಿತ್ರದ ಮಾತನ್ನು ಹೇಳಬೇಕು. ನಮ್ಮ ಕೆಲವು ಮನೆಗಳ ಗೋಡೆಗಳಲ್ಲಿಯೂ ಅದರ ಅಚ್ಚುಪ್ರತಿಯನ್ನು ನೋಡಬಹುದು. ಹೋಲ್ಮನ್ ಹಂಟ್ ಎಂಬವನು 1851ರಿಂದ 1853ರ ವರೆಗೆ ಬರೆದ ‘ಲೋಕದ ಬೆಳಕು’ ಎಂಬ ಪಟ. ರಾತ್ರಿಯಲ್ಲಿ ಕಿರೀಟ ಧರಿಸಿದ ಕರ್ತನು ಕೈಯಲ್ಲಿ ಲಾಂದ್ರವನ್ನು ಹಿಡಿದು ಒಂದು ಮುಚ್ಚಿದ ಬಾಗಿಲನ್ನು ತಟ್ಟುತ್ತಿದ್ದಾನೆ. ಬಾಗಿಲಿಗೆ ಬಳ್ಳಿ ಹಬ್ಬಿದೆ, ಕಳೆ ಬೆಳೆದಿದೆ, ಅದು ತೆರೆಯದೆ ಬಹುಕಾಲವಾಗಿದೆ. ಅದಕ್ಕೆ ಹೊರಗಡೆ ಹಿಡಿಯೇ ಇಲ್ಲ. ಒಳಗಿನಿಂದಲೇ ತೆರೆಯಬೇಕೆಂಬದನ್ನು ತೋರಿಸುವದಕ್ಕೆ ಚಿತ್ರಕಾರನು ಬೇಕೆಂದೇ ಹೀಗೆ ಬರೆದನು. ಪ್ರಕಟನೆ 3ನೇ ಅಧ್ಯಾಯದ 20ನೇ ವಚನವೇ ಅದರ ಆಧಾರ. ಮನಸ್ಸಿಲ್ಲದೆ ಬಾಗಿಲು ಮುಚ್ಚಿಕೊಂಡವನಿಗೆ, ನಾಳೆ ನೋಡೋಣವೆನ್ನುವವನಿಗೆ, ಈ ಪಟವು ತಕ್ಕ ಬೋಧನೆ. ಆದರೆ ತೆರೆಯಬೇಕೆಂದು ಬಯಸಿ, ಎದ್ದು ಬಂದು, ಅಗಳಿಗೆ ಕೈ ಹಾಕಿ, ಕೈಯಲ್ಲಿ ಬಲವಿಲ್ಲದೆ ಅಲ್ಲಿಯೇ ಕುಸಿದು ಕೂತವನಿಗೆ ಈ ಪಟವನ್ನು ತೋರಿಸಿ, ನೀನು ಯಾಕೆ ತೆರೆಯುವದಿಲ್ಲವೆಂದು ಕೇಳುವದು ಕ್ರೂರತನ. ಅವನಿಗೆ ಬೇರೆ ಪಟ ಬೇಕು, ಅದು ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ. ಶಿಷ್ಯರು ಭಯದಿಂದ ಬಾಗಿಲುಗಳನ್ನು ಮುಚ್ಚಿಕೊಂಡಿದ್ದರು. ಯಾರೂ ಎದ್ದು ತೆರೆಯಲಿಲ್ಲ. ಎಂಟು ದಿನಗಳಾದ ಮೇಲೂ ಬಾಗಿಲುಗಳು ಮುಚ್ಚಿಯೇ ಇದ್ದವು. ಎರಡು ಸಾರಿಯೂ ಕರ್ತನು ಒಳಗೆ ಬಂದು ನಡುವೆ ನಿಂತನು. ಕೂಪರನ ಬಾಗಿಲು ಈ ಲೋಕದಲ್ಲಿ ತೆರೆಯಲಿಲ್ಲವೆಂಬದು ನಿಜ. ಒಳಗೆ ಯಾರೂ ಬರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಇಂಥವರ ವಿಷಯದಲ್ಲಿ ನಾವು ನಡೆದುಕೊಳ್ಳತಕ್ಕ ರೀತಿಯನ್ನು ಕುರಿತು ಎರಡೇ ಮಾತು. ಕೂಪರನ ಕಾಲದಲ್ಲಿ ವೈದ್ಯರಿಗೆ ತಿಳಿಯದಿದ್ದ ಅನೇಕ ಸಂಗತಿಗಳು ಈಗ ತಿಳಿದಿವೆ. ಇದು ರೋಗ, ಇದಕ್ಕೆ ಔಷಧವುಂಟು, ಮಾತಾಡಿಸಿ ಮಾಡುವ ಚಿಕಿತ್ಸೆಯೂ ಉಂಟು, ಜ್ವರಕ್ಕೆ ಆಸ್ಪತ್ರೆಗೆ ಹೋಗುವವರು ಇದಕ್ಕೂ ಹೋಗತಕ್ಕದ್ದು. ಸಾಯುವ ಮಾತನ್ನು ಆಡುವವರನ್ನು ಒಂಟಿಯಾಗಿ ಬಿಡಬೇಡಿರಿ, ನಾಳೆಗೆಂದು ತಡಮಾಡಬೇಡಿರಿ. ತಾಯಿತ ಕಟ್ಟಿಸುವದೂ ಬೇಡ, ಭೂತ ಬಿಡಿಸುತ್ತೇವೆಂದು ಕೂಗಾಡುವ ಕೂಟಕ್ಕೆ ಎಳೆದೊಯ್ಯುವದೂ ಬೇಡ. ಇನ್ನೊಂದು, ಸಾಕ್ಷಿ ಹೇಳಿರೆಂದು ಅಂಥವರನ್ನು ಎಲ್ಲರ ಮುಂದೆ ನಿಲ್ಲಿಸಬೇಡಿರಿ. ಇಲ್ಲದ ಸಂತೋಷವನ್ನು ಬಾಯಲ್ಲಿ ಹೇಳಿಸುವದರಿಂದ ಅಗಳಿಯು ಇನ್ನೂ ಬಿಗಿಯಾಗುವದು. ಹಾಡಬಲ್ಲವರಾಗಿದ್ದರೆ, ಕೌದಿ ಹೊಲಿಯಬಲ್ಲವರಾಗಿದ್ದರೆ, ಬುಟ್ಟಿ ಹೆಣೆಯಬಲ್ಲವರಾಗಿದ್ದರೆ, ಅವರ ಹತ್ತಿರ ಹೋಗಿ ಕೂತು ಆ ಕೆಲಸವನ್ನು ನಮಗೂ ಕಲಿಸಿರೆಂದು ಕೇಳಬಹುದು.

ಶೋಕದ ಹಾಡನ್ನು ಸಭೆಯಲ್ಲಿ ಹಾಡಿದರೆ ಎಳೆಯರು ಧೈರ್ಯಗೆಡುವರು, ನೆರೆಯ ಜನರು ನಗುವರು ಎಂದು ಹಿರಿಯರು ಆಕ್ಷೇಪಿಸಬಹುದು. ಎಳೆಯರಲ್ಲಿಯೂ ಹೇಳಲಾಗದ ದುಃಖವುಳ್ಳವರು ಇದ್ದಾರೆ; ನಾವು ಹಾಡದೆ ಹೋದರೆ ಅವರು ಬೇರೆ ಕಡೆ ಕಿವಿಗೊಡುವರು. ನೆರೆಯವರೋ, ನಮ್ಮ ನಗುವ ಮುಖಗಳನ್ನು ನಂಬುವದಕ್ಕಿಂತ ನಮ್ಮ ಅಳುವನ್ನು ಬೇಗ ನಂಬುವರು. ವರುಷದಲ್ಲಿ ಒಂದು ಸಾಯಂಕಾಲವಾದರೂ, ಶುಭ ಶುಕ್ರವಾರದ ಹಿಂದು ಮುಂದಿನ ದಿನಗಳಲ್ಲಿ, 88ನೇ ಕೀರ್ತನೆಯನ್ನು ಮೊದಲಿನಿಂದ ಕಡೆಯ ವರೆಗೆ ಸಭೆಯಲ್ಲಿ ನಿಧಾನವಾಗಿ ಓದೋಣ. ಓದಿ ಮುಗಿದ ಕೂಡಲೆ ಆದರಣೆಯ ವಚನವನ್ನು ಹುಡುಕುವದು ಬೇಡ, ಪ್ರಸಂಗವೂ ಬೇಡ. ದೀಪವು ಉರಿಯುತ್ತಿರಲಿ, ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕೂಡಿರಲಿ. ಹಿಂದಿನ ಸಾಲಿನಲ್ಲಿ ಯಾರಾದರೂ ಅತ್ತರೆ ತಿರುಗಿ ನೋಡಬೇಡಿರಿ. ಪಕ್ಕದಲ್ಲಿರುವವರು ಮನೆಯ ವರೆಗೆ ಅವರ ಜೊತೆಯಲ್ಲಿ ನಡೆದು ಹೋಗಲಿ.